ಸೊಂಟ ನೋವಿದ್ದಾಗ ಸೂರ್ಯನಮಸ್ಕಾರ ಮಾಡಬಹುದೇ?

ಪ್ರಶ್ನೆ: ಸೊಂಟ ಹಿಡಿದುಕೊಂಡು ಎರಡು ವಾರವಾಯಿತು. ಬೆಳಗಿನ ಸೂರ್ಯನಮಸ್ಕಾರ ನಿಲ್ಲಿಸಿ ಪೂರ್ತಿ ವಿಶ್ರಾಂತಿ ತೆಗೆದುಕೊಳ್ಳಬೇಕೇ?

ಉತ್ತರ: ಪೂರ್ತಿ ವಿಶ್ರಾಂತಿ ಖಂಡಿತ ಬೇಡ. ಹಾಸಿಗೆ ಹಿಡಿದಷ್ಟೂ ಬೆನ್ನಿನ ಸ್ನಾಯುಗಳು ಸೊರಗುತ್ತವೆ, ಚೇತರಿಕೆ ತಡವಾಗುತ್ತದೆ. ಆದರೆ ಸೂರ್ಯನಮಸ್ಕಾರವನ್ನು ಸದ್ಯಕ್ಕೆ ಬದಿಗಿಡಿ, ಅದರಲ್ಲೂ ಎದ್ದ ಕೂಡಲೇ ಮಾಡುವುದನ್ನು. ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ. ಸಂಜೆಗಿಂತ ಬೆಳಿಗ್ಗೆ ನಾವು ತುಸು ಎತ್ತರವಾಗಿರುವುದೂ ಅದಕ್ಕೇ. ಆ ಹೊತ್ತಿನಲ್ಲಿ ಪಾದಹಸ್ತಾಸನಕ್ಕೆ ಬಗ್ಗಿದರೆ ಡಿಸ್ಕಿನ ಮೇಲೆ ಒತ್ತಡ ಹೆಚ್ಚು. ಬಗ್ಗುವ ಯಾವುದೇ ಕೆಲಸಕ್ಕೂ ಎದ್ದು ಒಂದು ಗಂಟೆಯಾದರೂ ಕಳೆಯಲಿ. ಜಿಮ್ಮಿನ ಸಿಟ್-ಅಪ್ ಕೂಡ ಈಗ ಬೇಡ.

ನಡಿಗೆಯಿಂದ ಶುರುಮಾಡಿ: ಸಮತಟ್ಟಾದ ಹಾದಿಯಲ್ಲಿ 10 ನಿಮಿಷ, ದಿನಕ್ಕೆ ಎರಡು ಮೂರು ಸಲ. ಜೊತೆಗೆ ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಒತ್ತಿ ಹೇಳುವ ‘ಬರ್ಡ್ ಡಾಗ್’. ಚಾಪೆಯ ಮೇಲೆ ಅಂಗೈ, ಮಂಡಿ ಊರಿ, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ನಿಧಾನವಾಗಿ ಚಾಚಿ. 10 ಸೆಕೆಂಡ್ ಹಾಗೇ ಇರಿ, ಉಸಿರು ಕಟ್ಟಬೇಡಿ. ಬೆನ್ನ ಮೇಲೆ ಕಾಫಿ ಲೋಟ ಇಟ್ಟರೂ ತುಳುಕದಷ್ಟು ಸೊಂಟ ಸಮವಾಗಿರಲಿ. ಕಾಲು ಎತ್ತರಕ್ಕೆ ಹೋಗಬೇಕಿಲ್ಲ. ಬಳಿಕ ಕೈಕಾಲು ಬದಲಿಸಿ.

ಸ್ವಲ್ಪ ಬಿಗಿತ ಸಹಜ. ನೋವು ಕಾಲಿನತ್ತ ಇಳಿಯತೊಡಗಿದರೆ ಮಾತ್ರ ಆ ವ್ಯಾಯಾಮ ನಿಲ್ಲಿಸಿ. ಕಾಲಿನ ಬಲ ಕುಗ್ಗಿದರೆ, ತೊಡೆಸಂದು ಮರಗಟ್ಟಿದರೆ, ಮೂತ್ರದ ಹತೋಟಿ ತಪ್ಪಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಬೆಳಗಾಗಲಿ ಎಂದು ಕಾಯಬೇಡಿ.