ಶೋಧಯಂತ್ರ: ವ್ಯಾಪಾರಿಯ ದೃಷ್ಟಿಯಲ್ಲಿ

‘ಶೋಧಿಸು’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಕಾಣದುದನ್ನು ಹುಡುಕುವುದು ಒಂದು. ಹಾಲನ್ನು ಬಟ್ಟೆಯಲ್ಲಿ ಸೋಸಿ ಕಸವನ್ನು ಬೇರ್ಪಡಿಸುವುದು ಇನ್ನೊಂದು. ಗೂಗಲ್ ಮೊದಲಾದ ಹೆಸರುಗಳಿಂದ ಇಂದು ಮನೆಮನೆಗೂ ಪರಿಚಿತವಾಗಿರುವ ಶೋಧಯಂತ್ರಗಳು ಈ ಎರಡು ಕಾರ್ಯಗಳನ್ನೂ ಒಟ್ಟಿಗೇ ನೆರವೇರಿಸುತ್ತವೆ. ಸಾಮಾನ್ಯ ಓದುಗನು ಮೊದಲನೆಯದನ್ನಷ್ಟೇ ಕಾಣುತ್ತಾನೆ. ಸರಕು ಮಾರಬೇಕಾದ ವ್ಯಾಪಾರಿಗಾದರೋ ಎರಡನೆಯದೇ ಮುಖ್ಯ. ಸೋಸಿದಾಗ ತಾನು ಹಾಲಿನೊಡನೆ ಇಳಿದೆನೋ, ಕಸದೊಡನೆ ಬಟ್ಟೆಯಲ್ಲಿಯೇ ನಿಂತೆನೋ ಎಂಬುದು ಅವನ ಚಿಂತೆ.

ಇದು ಗಾಲಿ ಹಲ್ಲುಗಳ ಯಂತ್ರವಲ್ಲ. ವಚನ ಸಂಪುಟಗಳ ಕೊನೆಯಲ್ಲಿ ಸಂಪಾದಕರು ಕೊಡುವ ಅಕಾರಾದಿ ಸೂಚಿಯನ್ನು ಬಳಸಿ ಬಲ್ಲ ಅಧ್ಯಾಪಕರಿಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ. ಯಂತ್ರವು ಜಗತ್ತಿನ ಪುಟಗಳನ್ನು ಮುಂಚಿತವಾಗಿಯೇ ಓದಿ, ಯಾವ ಪದ ಯಾವ ಪುಟದಲ್ಲಿದೆ ಎಂದು ಗುರುತುಹಾಕಿಕೊಂಡಿರುತ್ತದೆ. ನಾವು ಪ್ರಶ್ನಿಸಿದಾಗ ಅದು ತೆರೆಯುವುದು ಪುಟಗಳನ್ನಲ್ಲ, ಆ ಸೂಚಿಯನ್ನು. 1994ರಲ್ಲಿ ಆರಂಭವಾದ ಯಾಹೂ ಜಾಲತಾಣಗಳನ್ನು ಮನುಷ್ಯರ ಕೈಯಿಂದಲೇ ವರ್ಗೀಕರಿಸಿತ್ತು. 1995ರ ಆಲ್ಟಾವಿಸ್ಟಾ ಈ ಶ್ರಮವನ್ನು ಯಂತ್ರಕ್ಕೇ ಒಪ್ಪಿಸಿತು. ಆದರೆ ಒಂದು ಪದಕ್ಕೆ ಸಾವಿರಾರು ಪುಟಗಳು ದೊರೆತರೆ ಮೊದಲು ತೋರಿಸಬೇಕಾದುದು ಯಾವುದನ್ನು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಸ್ಥಾಪಿಸಿದ ಗೂಗಲ್ ಇದಕ್ಕೆ ಕೊಟ್ಟ ಉತ್ತರ ಪಂಡಿತರಿಗೆ ಹೊಸದೆನಿಸದು. ಹಲವು ಟೀಕಾಕಾರರು ಪ್ರಮಾಣವಾಗಿ ಎತ್ತಿಕೊಂಡ ಗ್ರಂಥಕ್ಕೆ ಗೌರವ ಹೆಚ್ಚು. ಎತ್ತಿಕೊಂಡವರೂ ಗಣ್ಯರಾಗಿದ್ದರೆ ಮತ್ತಷ್ಟು ಹೆಚ್ಚು. ಅಂತೆಯೇ ಇತರ ಪುಟಗಳು ಕೊಂಡಿಹಾಕಿ ಉಲ್ಲೇಖಿಸಿದ ಪುಟಕ್ಕೆ ಮೇಲಿನ ಸ್ಥಾನ.

ಇಷ್ಟಾದರೂ ಹಣದ ಮಾತು ಬರಲಿಲ್ಲ. ಅದು ಬಂದುದು ಬೇರೊಂದು ದಾರಿಯಿಂದ. 1998ರಲ್ಲಿ ಗೋಟು ಎಂಬ ಅಮೆರಿಕದ ಸಂಸ್ಥೆಯು ಪದಗಳನ್ನೇ ಹರಾಜಿಗಿಟ್ಟಿತು. ಯಾವ ಪದವನ್ನು ಹುಡುಕಿದಾಗ ತನ್ನ ಅಂಗಡಿಯ ಹೆಸರು ಕಾಣಬೇಕೋ ಆ ಪದಕ್ಕೆ ವ್ಯಾಪಾರಿಯು ಬೆಲೆ ಕೂಗುವುದು, ಹುಡುಕಿದವನು ಆ ಹೆಸರನ್ನು ಒತ್ತಿ ಒಳಗೆ ಬಂದರೆ ಮಾತ್ರ ಹಣ ತೆರುವುದು. ನಮ್ಮ ಸೀಮೆಯವರಿಗೆ ಬ್ಯಾಡಗಿ ಮಾರುಕಟ್ಟೆಯ ಟೆಂಡರು ಚಿರಪರಿಚಿತ. ದಲಾಲಿ ಅಂಗಡಿಗಳ ಮುಂದೆ ಮೆಣಸಿನಕಾಯಿಯ ಲಾಟುಗಳಿರುತ್ತವೆ. ಕೊಳ್ಳುವವರು ಬೆಲೆ ನಮೂದಿಸುತ್ತಾರೆ. ಹೆಚ್ಚು ಬರೆದವನಿಗೆ ಮಾಲು. ಅಲ್ಲಿ ಕೊಳ್ಳುವವನು ಸರಕಿಗಾಗಿ ಸ್ಪರ್ಧಿಸಿದರೆ, ಇಲ್ಲಿ ಮಾರುವವನು ಗಿರಾಕಿಗಾಗಿ ಸ್ಪರ್ಧಿಸುತ್ತಾನೆ. ಹರಾಜಾಗುವ ಲಾಟು ಯಾವುದೆಂದರೆ, ಹುಡುಕುವವನ ಆ ಒಂದು ಕ್ಷಣದ ಲಕ್ಷ್ಯ.

ಗೂಗಲ್ 2000ದಲ್ಲಿ ಜಾಹೀರಾತನ್ನು ಆರಂಭಿಸಿ 2002ರಲ್ಲಿ ಈ ಹರಾಜನ್ನು ತಿದ್ದಿತು. ಹೆಚ್ಚು ಕೂಗಿದವನಿಗೆ ಮೊದಲ ಸ್ಥಾನವೆಂಬ ನಿಯಮವನ್ನು ಬಿಟ್ಟು, ಕೂಗಿದ ಬೆಲೆಯ ಜೊತೆಗೆ ಆ ಜಾಹೀರಾತನ್ನು ಜನರು ಎಷ್ಟರಮಟ್ಟಿಗೆ ಒತ್ತುತ್ತಾರೆಂಬುದನ್ನೂ ಗಣನೆಗೆ ತೆಗೆದುಕೊಂಡಿತು. ಗೆದ್ದವನು ತಾನು ಕೂಗಿದಷ್ಟನ್ನೂ ಕೊಡಬೇಕಾಗಿಲ್ಲ. ತನ್ನ ಕೆಳಗಿನವನನ್ನು ಮೀರಲು ಎಷ್ಟು ಬೇಕೋ ಅಷ್ಟು ಸಾಕು. ಹಣವುಳ್ಳವನ ಅಪ್ರಸ್ತುತ ಜಾಹೀರಾತಿಗಿಂತ, ಕಡಿಮೆ ಬೆಲೆ ಕೂಗಿದವನ ಉಪಯುಕ್ತ ಜಾಹೀರಾತು ಮೇಲೆ ನಿಲ್ಲುವ ಸಂಭವ ಇದರಿಂದ ಉಂಟಾಯಿತು. ವ್ಯಾಪಾರಿಯ ದೃಷ್ಟಿಯಿಂದ ಶೋಧಯಂತ್ರಗಳ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ನಾವೀನ್ಯವಿಲ್ಲವೆಂದು ಹೇಳಬಹುದು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟವನು ಅದನ್ನು ಯಾರೂ ಓದದಿದ್ದರೂ ಹಣ ಕಟ್ಟಲೇಬೇಕಷ್ಟೆ!

ಇನ್ನು ಪೈಪೋಟಿಯ ವಿಚಾರ. ಕರ್ನಾಟಕವೂ ಈ ಕಣಕ್ಕೆ ಇಳಿಯದೆ ಇರಲಿಲ್ಲ. 2006ರ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ‘ಗುರೂಜಿ’ ಎಂಬ ಭಾರತೀಯ ಶೋಧಯಂತ್ರ ಹೊರಟಿತು. ಹೆಸರೇನೋ ಶಾಲೆಯವರಿಗೆ ಹಿಡಿಸುವಂಥದು. ಭಾರತದ ಊರು, ಅಂಗಡಿ, ಭಾಷೆಗಳನ್ನು ಪರದೇಶದವರಿಗಿಂತ ತಾವು ಬಲ್ಲೆವೆಂಬುದು ಅದರ ಕರ್ತೃಗಳ ಭರವಸೆಯಾಗಿತ್ತು, ಬಂಡವಾಳವೂ ದೊರೆತಿತ್ತು. ಐದಾರು ವರ್ಷಗಳಲ್ಲಿಯೇ ಅದು ಕಣ್ಮರೆಯಾಯಿತು. ಹುಡುಕುವವರು ಹೆಚ್ಚಿದಷ್ಟೂ ಯಂತ್ರಕ್ಕೆ ಅನುಭವ ಹೆಚ್ಚು, ಅನುಭವ ಹೆಚ್ಚಿದಷ್ಟೂ ಹುಡುಕುವವರು ಹೆಚ್ಚು. ಮೊದಲೇ ಮುಂದೆ ಹೋದವನನ್ನು ಹಿಂದೆ ಹಾಕುವುದು ಇಲ್ಲಿ ಬಹಳ ಕಠಿಣ. ಅಲ್ಲದೆ ಫೋನಿನಲ್ಲಿ ಮೊದಲು ತೆರೆಯುವ ಯಂತ್ರ ತನ್ನದೇ ಆಗಿರಲೆಂದು ಗೂಗಲ್ 2021ರಲ್ಲಿ ಆ್ಯಪಲ್ ಮೊದಲಾದ ಸಂಸ್ಥೆಗಳಿಗೆ 2,630 ಕೋಟಿ ಡಾಲರ್ ತೆತ್ತಿದ್ದುದು ಅಮೆರಿಕದ ನ್ಯಾಯಾಲಯದಲ್ಲಿ ಬಯಲಾಯಿತು. ಶೋಧದ ಮಾರುಕಟ್ಟೆಯಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯವನ್ನು ಉಳಿಸಿಕೊಂಡಿದೆಯೆಂದು ಆ ನ್ಯಾಯಾಲಯವು 2024ರ ಆಗಸ್ಟ್ 5ರಂದು ತೀರ್ಪಿತ್ತಿತು. ಭಾರತದ ಸ್ಪರ್ಧಾ ಆಯೋಗವು 2018ರಲ್ಲಿಯೇ, ಹುಡುಕಾಟದ ಫಲಿತಾಂಶಗಳಲ್ಲಿ ಪಕ್ಷಪಾತ ತೋರಿತೆಂದು ಅದೇ ಸಂಸ್ಥೆಗೆ 135.86 ಕೋಟಿ ರೂಪಾಯಿ ದಂಡ ವಿಧಿಸಿತ್ತು.

ಗಿರಾಕಿಗಳ ಸಂಖ್ಯೆಯನ್ನು ಬೆಳೆಸುವ ಆಸೆಯಿಂದ ದೇಶಭಾಷೆಗಳಿಗೂ ಲಾಭವಾಗಿದೆ. 2011ರಲ್ಲಿ ಗೂಗಲಿನ ಅನುವಾದ ಸೌಲಭ್ಯಕ್ಕೆ ಕನ್ನಡ ಸೇರಿತು. 2017ರಲ್ಲಿ ಕನ್ನಡದಲ್ಲಿ ಬಾಯಿಮಾತಿನಿಂದ ಹುಡುಕುವ ಅನುಕೂಲವೂ ಒದಗಿತು. ಆದರೆ ಮಾತು ತಿಳಿದ ಮಾತ್ರಕ್ಕೆ ವಿಷಯ ತಿಳಿಯುವುದಿಲ್ಲ. 2021ರ ಜೂನ್ ತಿಂಗಳಿನ ಪ್ರಸಂಗವನ್ನು ಕನ್ನಡಿಗರು ಮರೆತಿರಲಾರರು. ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್ ‘ಕನ್ನಡ’ ಎಂದು ಉತ್ತರಿಸಿತು. ನಾಡು ಕೆರಳಿತು, ಅಂದಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿಯವರು ಕಾನೂನು ಕ್ರಮದ ಎಚ್ಚರಿಕೆಯಿತ್ತರು, ಸಂಸ್ಥೆಯು ಉತ್ತರವನ್ನು ತೆಗೆದು ಕ್ಷಮೆ ಯಾಚಿಸಿತು. ಕೋಪ ಸಹಜವಾದುದೇ. ಆದರೆ ಯಂತ್ರಕ್ಕೆ ಸ್ವಂತ ಅಭಿಪ್ರಾಯವಿಲ್ಲ. ಯಾವುದೋ ಒಂದು ಕ್ಷುಲ್ಲಕ ಪುಟದಲ್ಲಿ ಆ ಪ್ರಶ್ನೆಗೆ ಹೊಂದುವ ವಾಕ್ಯವಿತ್ತು. ಸಜ್ಜನರಾರೂ ಅಂಥ ಪ್ರಶ್ನೆಗೆ ಉತ್ತರ ಬರೆಯಲು ಹೋಗಿರಲಿಲ್ಲ. ಎದುರಾಳಿಯಿಲ್ಲದ ಅಖಾಡದಲ್ಲಿ ಅದೊಂದೇ ವಾಕ್ಯ ಗೆದ್ದಿತು. ಅಂಗಡಿಗೆ ಬೀಗ ಹಾಕಿಕೊಂಡು ಹೋದವನ ಗಿರಾಕಿ ಪಕ್ಕದ ಅಂಗಡಿಗೆ ಹೋದನೆಂದು ದೂರುವುದು ಹೇಗೆ?

ಈಚೆಗೆ ಈ ವಿಚಾರ ಮತ್ತಷ್ಟು ತೀವ್ರವಾಗಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಶೋಧಯಂತ್ರಗಳೂ ಪುಟಗಳ ಪಟ್ಟಿಯ ಮೇಲ್ಗಡೆಯಲ್ಲಿ ತಾವೇ ಉತ್ತರ ರಚಿಸಿ ಕೊಡಲಾರಂಭಿಸಿವೆ. ಹತ್ತು ಹೆಸರುಗಳಿದ್ದಲ್ಲಿ ಹತ್ತನೆಯವನಿಗೂ ಆಸೆಯಿತ್ತು. ಒಂದೇ ಉತ್ತರವಿರುವಲ್ಲಿ ಎರಡನೆಯವನಿಗೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆದರೆ ಅದರ ಬಣ್ಣ, ಸುಕ್ಕು, ಕಡಿಮೆ ಖಾರಗಳ ಲಕ್ಷಣವನ್ನು ಬೆಳೆದವರ ಮಕ್ಕಳು ಬರೆಯದೆ ದೂರದ ಚೀಲ ಕಟ್ಟುವವನು ಬರೆದರೆ, ಯಂತ್ರ ಕಲಿಯುವುದು ಅವನ ಪಾಠವನ್ನೇ.

ಬರೆದುದೂ ಸೂಚಿಗೆ ಸೇರುವಂತಿರಬೇಕು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಿರೂಪಿಸಿದ ವಿಭಕ್ತಿಗಳೂ ಸಂಧಿಗಳೂ ಇಲ್ಲಿ ಅಡ್ಡಬರುತ್ತವೆ. ‘ಮೆಣಸಿನಕಾಯಿ’, ‘ಮೆಣಸಿನಕಾಯಿಗೆ’, ‘ಮೆಣಸಿನಕಾಯಿಯಲ್ಲಿ’ ಎಂಬಿವು ಒಂದೇ ಪ್ರಕೃತಿಯ ರೂಪಗಳೆಂದು ಕನ್ನಡ ಶಾಲೆಯ ಬಾಲಕನು ಬಲ್ಲ. ಯಂತ್ರಕ್ಕೆ ಅದನ್ನು ಕಲಿಸಬೇಕು, ಕಲಿಸಲು ಕನ್ನಡ ಬರಹದ ರಾಶಿ ಬೇಕು. ಯೂನಿಕೋಡಿಗಿಂತ ಹಿಂದಿನ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕಡತಗಳು ಯಂತ್ರಕ್ಕೆ ಅರ್ಥಹೀನ ಚಿಹ್ನೆಗಳ ಸಾಲುಗಳು. ಕೇವಲ ಚಿತ್ರ ತೆಗೆದು ಏರಿಸಿದ ಪುಟವೂ ಅಕ್ಷರರೂಪಕ್ಕೆ ತಿರುಗುವವರೆಗೆ ಸೂಚಿಯ ಹೊರಗೇ ಉಳಿಯುತ್ತದೆ. ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿರುವ ಏಕಾಂತದ ರಾಮಯ್ಯನ ಶಾಸನದ ವಿಷಯವಾಗಿ ಹಿರೇಕೆರೂರಿನ ಅಧ್ಯಾಪಕರೊಬ್ಬರು ಯಾವುದೋ ವಾರ್ಷಿಕ ಸಂಚಿಕೆಯಲ್ಲಿ ಲೇಖನ ಬರೆದಿದ್ದರೆ, ಅದು ಗ್ರಂಥಾಲಯದ ಕಪಾಟಿನಲ್ಲಿರುವಷ್ಟು ಕಾಲ ಬೀಗದ ಕೈ ಇದ್ದವರಿಗೆ ಮಾತ್ರ ದೊರೆಯುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು ಬಿಡುವಿನ ವೇಳೆಯಲ್ಲಿ ಕುಳಿತು ಅದನ್ನು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದರೆ, ಅಬಲೂರು ಎಂದು ಹುಡುಕುವ ಬೇರೆ ಊರಿನ ಹುಡುಗನಿಗೂ ಆ ಲೇಖನ ಸಿಕ್ಕೀತು.