ಅರಗಿನ ಬಣ್ಣಕ್ಕೆ ಕಡಲಾಚೆಯ ಪರೀಕ್ಷೆ

ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಸಾಕು, ಕಣ್ಣೆದುರೇ ಬಣ್ಣ ಕರಗಿ ಮರವನ್ನು ಸುತ್ತಿಕೊಳ್ಳುತ್ತದೆ. ಕುಂಚವಿಲ್ಲ, ಬಣ್ಣದ ಡಬ್ಬಿಯಿಲ್ಲ, ಒಣಗಲಿ ಎಂದು ಕಾಯುವ ಕೆಲಸವೂ ಇಲ್ಲ. ಮೇಲೊಂದು ಒಣಗಿದ ಗರಿಯ ತುಂಡು ಹಿಡಿದು ಉಜ್ಜಿದರೆ ಕನ್ನಡಿಯಂತೆ ಹೊಳಪು. ಅಂಗೈ ಉಜ್ಜಿಸಿ ಘರ್ಷಣೆಯಿಂದ ಶಾಖ ಹುಟ್ಟುತ್ತದೆ ಎಂದು ಪಾಠ ಹೇಳುವ ಮೇಷ್ಟರುಗಳು ಮಕ್ಕಳನ್ನು ಒಮ್ಮೆ ಚನ್ನಪಟ್ಟಣಕ್ಕೆ ಕರೆದೊಯ್ದರೆ ಆ ಪಾಠ ಜನ್ಮದಲ್ಲಿ ಮರೆಯುವುದಿಲ್ಲ. ಅರಗು ಮೆತ್ತಗಾಗಲು ಎಪ್ಪತ್ತು ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಸಾಕು. ಲೇತ್ ಯಂತ್ರದ ತಿರುಗುವಿಕೆಯೇ ಅದನ್ನು ಒದಗಿಸುತ್ತದೆ.

ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಈ ಊರಿನ ಗೊಂಬೆಗಳನ್ನು ಮೈಸೂರು ರಸ್ತೆಯಲ್ಲಿ ಓಡಾಡುವವರೆಲ್ಲ ಬಲ್ಲರು. ಆದರೆ ಇದೇ ಗಿಲಕಿ, ಇದೇ ಬುಗುರಿ ಯುರೋಪಿನ ಅಥವಾ ಅಮೆರಿಕದ ಅಂಗಡಿಯ ಕಪಾಟನ್ನು ಮುಟ್ಟಬೇಕಾದರೆ ಎಷ್ಟು ಪರೀಕ್ಷೆಗಳಲ್ಲಿ ಪಾಸಾಗಬೇಕು ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ನಮ್ಮ ಎಸ್ಸೆಸ್ಸೆಲ್ಸಿ ಎಷ್ಟೋ ವಾಸಿ!

ಹೊರದೇಶದ ನಂಟು ಚನ್ನಪಟ್ಟಣಕ್ಕೆ ಹೊಸದಲ್ಲ. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಈ ಕಸುಬನ್ನು ಕಲಿಸಿದ ಎಂಬ ಪ್ರತೀತಿ ಇದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾವಸ್ ಮಿಯಾನ್ ಎಂಬುವರು ಜಪಾನಿನ ಗೊಂಬೆ ತಯಾರಿಕೆಯ ತಂತ್ರವನ್ನು ಇಲ್ಲಿಗೆ ತಂದರು. ಊರಿನವರು ಅವರನ್ನೇ ಈ ಗೊಂಬೆಗಳ ಪಿತಾಮಹ ಎನ್ನುವುದು. ಮುಂದೆ ಕರ್ನಾಟಕದ ಕರಕುಶಲ ಅಭಿವೃದ್ಧಿ ನಿಗಮ 32 ಲೇತ್ ಯಂತ್ರಗಳಿರುವ ಅರಗಿನ ಕುಶಲಕಲಾ ಸಂಕೀರ್ಣವನ್ನು ಕಟ್ಟಿತು. ರಾಜ್ಯದ ‘ವಿಶ್ವ’ ಯೋಜನೆ ಹಾಗೂ ಡಚ್ ಸರ್ಕಾರದ ಹಣದ ನೆರವು ಕಸುಬುದಾರರಿಗೆ ಸಿಕ್ಕಿತು. ಪರ್ಷಿಯಾ, ಜಪಾನ್, ಹಾಲೆಂಡ್ ಹೀಗೆ ಮೂರು ದಿಕ್ಕಿನ ಗಾಳಿ ಕುಡಿದು ಬೆಳೆದ ಗೊಂಬೆ ಇದು.

ಮರ ಇಲ್ಲಿಯದೇ. ಆಲೆ ಮರ. ಹಾಲಿನಂತೆ ಬಿಳುಪು, ಒತ್ತಾದ ಎಳೆ, ಉಳಿಗೆ ಬೆಣ್ಣೆಯಂತೆ ಬಗ್ಗುವ ಗುಣ. ಅರಗು ಒಂದು ಪುಟ್ಟ ಕೀಟ ಮುತ್ತುಗ, ಜಾಲ ಮುಂತಾದ ಗಿಡಗಳ ಕೊಂಬೆಯ ಮೇಲೆ ಸುರಿಸುವ ರಾಳ. ಅದನ್ನು ಶುದ್ಧ ಮಾಡಿದ ರೂಪವೇ ಮಾತ್ರೆಗಳಿಗೆ, ಮಿಠಾಯಿಗಳಿಗೆ ಹೊಳಪಿನ ಲೇಪವಾಗಿ ಬಳಕೆಯಾಗುತ್ತದೆ. ಅಂದರೆ ಮಗು ಬಾಯಿಗಿಟ್ಟು ಚೀಪಿದರೂ ಅರಗಿನಿಂದ ಭಯವಿಲ್ಲ. ಭಯವಿದ್ದದ್ದು ಅರಗಿನೊಳಗೆ ಬೆರೆತ ಬಣ್ಣದಲ್ಲಿ.

ಕೆಂಡದ ಮೇಲೆ ಅರಗನ್ನು ಮೆತ್ತಗೆ ಮಾಡಿ, ಬಣ್ಣದ ಪುಡಿ ಸೇರಿಸಿ, ಹಿಟ್ಟು ನಾದಿದಂತೆ ನಾದಿ, ಎಳೆದು ಮಡಿಚಿ ಕಡ್ಡಿ ಮಾಡುತ್ತಾರೆ. ಪೇಟೆಯಲ್ಲಿ ಸಿಗುವ ಅಗ್ಗದ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಇರುವುದುಂಟು. ಎದ್ದು ಕಾಣುವ, ಬಿಸಿಲಿಗೆ ಮಾಸದ ಹಳದಿ ಅದು. ಸೀಸವೋ ಎಳೆಯ ಮಿದುಳಿನ ಶತ್ರು. ಎಷ್ಟು ಕಡಿಮೆ ಸೇರಿದರೂ ಸುರಕ್ಷಿತ ಎನ್ನಬಹುದಾದ ಮಟ್ಟವೇ ಇಲ್ಲ ಎಂದು ವೈದ್ಯವಿಜ್ಞಾನ ಇಂದು ಹೇಳುತ್ತದೆ. ಇಲ್ಲೊಂದು ಮಾತು ಗಮನಿಸಬೇಕು. ಆ ಪುಡಿಯನ್ನು ಮೊದಲು ಉಸಿರಾಡುವುದು ಜರ್ಮನಿಯ ಮಗುವಲ್ಲ. ಅದನ್ನು ನಾದುವ ಕಸುಬುದಾರ, ಲೇತಿನ ಪಕ್ಕದಲ್ಲೇ ಆಡುವ ಅವನ ಮಗು. ವಿದೇಶಿ ಕೊಳ್ಳುಗ ‘ಸೀಸ ಬೇಡ’ ಎಂದು ಪಟ್ಟು ಹಿಡಿದದ್ದರ ಮೊದಲ ಲಾಭ ಚನ್ನಪಟ್ಟಣದ ಕೇರಿಗಳಿಗೇ ಸಿಕ್ಕಿತು ಎಂದರೆ ತಪ್ಪಾಗಲಾರದು.

ಈ ಪಟ್ಟು ಬಿಗಿಯಾದದ್ದು 2007ರ ನಂತರ. ಚೀನಾದಲ್ಲಿ ತಯಾರಾಗಿದ್ದ ಲಕ್ಷಾಂತರ ಆಟಿಕೆಗಳ ಬಣ್ಣದಲ್ಲಿ ಸೀಸ ಸಿಕ್ಕಿತೆಂದು ಅಮೆರಿಕದ ದೊಡ್ಡ ಕಂಪನಿಯೊಂದು ಅವನ್ನೆಲ್ಲ ಅಂಗಡಿಗಳಿಂದ ವಾಪಸು ಪಡೆಯಬೇಕಾಯಿತು. ತಾಯಂದಿರು ಕೆರಳಿದರು. ಮರುವರ್ಷ, 2008ರ ಆಗಸ್ಟ್‌ನಲ್ಲಿ, ಅಲ್ಲಿ ಹೊಸ ಕಾನೂನು ಬಂತು. ಬಣ್ಣದ ಲೇಪದಲ್ಲಿ ಅಲ್ಲಿಯವರೆಗೆ ಹತ್ತು ಲಕ್ಷಕ್ಕೆ 600 ಭಾಗ ಸೀಸ ಇರಬಹುದಿತ್ತು. 2009ರ ಆಗಸ್ಟ್‌ನಿಂದ ಅದು 90ಕ್ಕೆ ಇಳಿಯಿತು. ಒಂದು ಕಿಲೋ ಬಣ್ಣದಲ್ಲಿ 90 ಮಿಲಿಗ್ರಾಂ, ಅಂದರೆ ಬೆರಳ ತುದಿಗೆ ಅಂಟುವ ಉಪ್ಪಿನಷ್ಟು!

ಯುರೋಪಿನ ಪರೀಕ್ಷೆಯ ರೀತಿಯೇ ಬೇರೆ. ಅಲ್ಲಿನವರು ಕೇಳುವುದು ‘ಸೀಸ ಎಷ್ಟಿದೆ’ ಎಂದಲ್ಲ, ‘ಮಗು ನುಂಗಿದರೆ ಎಷ್ಟು ಹೊರಬರುತ್ತದೆ’ ಎಂದು. ಆಟಿಕೆಯ ಬಣ್ಣವನ್ನು ಕೆರೆದು, ತೆಳು ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಹಾಕಿ, 37 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಅಲುಗಾಡಿಸಿ, ಮತ್ತೊಂದು ಗಂಟೆ ಸುಮ್ಮನೆ ಬಿಡುತ್ತಾರೆ. ಗಾಜಿನ ಪಾತ್ರೆಯಲ್ಲಿ ಮಗುವಿನ ಹೊಟ್ಟೆಯನ್ನೇ ಕಟ್ಟಿದ ಹಾಗೆ. ಆಮ್ಲಕ್ಕೆ ಇಳಿದ ಸೀಸ ಕೆರೆದ ಬಣ್ಣದ ಕಿಲೋ ಒಂದಕ್ಕೆ 160 ಮಿಲಿಗ್ರಾಂ ಮೀರಬಾರದು ಎಂದಿದ್ದದ್ದನ್ನು 2018ರ ಅಕ್ಟೋಬರ್‌ನಿಂದ 23ಕ್ಕೆ ಇಳಿಸಿದರು. ಹೀಗೆ ಒಂದೇ ಗಿಲಕಿ ಎರಡು ಖಂಡಗಳಿಗೆ ಹೊರಟರೆ ಎರಡು ಬೇರೆ ಬೇರೆ ಪ್ರಶ್ನೆಪತ್ರಿಕೆ ಎದುರಿಸಬೇಕು.

ಸಸ್ಯಮೂಲದ ಬಣ್ಣಗಳು ಮತ್ತೆ ಬೆಳಕಿಗೆ ಬಂದದ್ದು ಈ ಹಿನ್ನೆಲೆಯಲ್ಲಿ. ಹಳದಿಗೆ ಅರಿಸಿನ, ನೀಲಿಗೆ ನೀಲಿ ಗಿಡ, ಕಂದಿಗೆ ಕಾಚು. ಬೆಂಗಳೂರಿನ ಮಾಯಾ ಆರ್ಗ್ಯಾನಿಕ್‌ನಂಥ ಸಂಸ್ಥೆಗಳು ಚನ್ನಪಟ್ಟಣದ ಕಸುಬುದಾರರ ಜೊತೆ ಸೇರಿ ಈ ಬಣ್ಣಗಳ ಆಟಿಕೆಗಳನ್ನು ಹೊರದೇಶಗಳಿಗೆ ಕಳಿಸಿದವು. ಕೇಳಲು ಸೊಗಸು. ಮಾಡಲು ಹೊರಟರೆ ತೊಡಕು. ಅರಿಸಿನದ ಬಣ್ಣ ಬಿಸಿಲಿಗೆ ಮಾಸುತ್ತದೆ. ಅಂಗಡಿಯ ಗಾಜಿನ ಕಪಾಟಿನಲ್ಲಿ ಕೆಲವು ತಿಂಗಳು ಕುಳಿತ ಬುಗುರಿ ಬಿಸಿಲು ಬಿದ್ದ ಮಗ್ಗುಲಲ್ಲಿ ಒಂದು ಬಣ್ಣ, ನೆರಳಿನ ಮಗ್ಗುಲಲ್ಲಿ ಇನ್ನೊಂದು. ಅಲ್ಲದೆ ಈ ಸಲದ ಅರಿಸಿನದಂತೆ ಬರುವ ಸಲದ್ದು ಇರುವುದಿಲ್ಲ. ಕೊಳ್ಳುವವನ ಕೈಯಲ್ಲಿರುವುದೋ ಅಚ್ಚಾದ ಬಣ್ಣದ ಪಟ್ಟಿ. ಒಪ್ಪಿತ ಮಾದರಿಗಿಂತ ಒಂದು ಛಾಯೆ ಹೆಚ್ಚು ಕಡಿಮೆಯಾದರೂ ಆತ ಹುಬ್ಬು ಗಂಟಿಕ್ಕುತ್ತಾನೆ. ‘ಇದು ಕೈಕೆಲಸ, ಹೀಗೇ ಇರುತ್ತದೆ’ ಎಂದು ಮೊದಲೇ ಬರೆದು, ತಿಳಿಛಾಯೆಯದೊಂದು, ಗಾಢ ಛಾಯೆಯದೊಂದು ಎಂದು ಎರಡು ಮಾದರಿ ಕಳಿಸಿ, ಇವೆರಡರ ನಡುವೆ ಯಾವುದಾದರೂ ಸರಿ ಎಂದು ಒಪ್ಪಿಸಿಕೊಂಡವರು ಜಾಣರು.

ಬಣ್ಣದ ಗೊಡವೆ ಮುಗಿಯಿತೆಂದರೆ ಮರದ್ದು ಶುರು. ಮರ ಸತ್ತ ಮೇಲೂ ಉಸಿರಾಡುತ್ತದೆ ಎನ್ನುತ್ತಾರೆ ಬಡಗಿಗಳು. ಸುತ್ತಲಿನ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ತೇವ ಬಿಟ್ಟು ಕುಗ್ಗುತ್ತದೆ. ಆಲೆ ಮರವನ್ನು ಎರಡು ಮೂರು ತಿಂಗಳು ಒಣಗಿಸಿಯೇ ಕಡೆಯುತ್ತಾರೆ. ಆದರೂ ನಮ್ಮ ಹವೆಯಲ್ಲಿ ಒಣಗಿದ ಮರದಲ್ಲಿ ತೂಕದ ಶೇ 10–12ರಷ್ಟು ನೀರು ಉಳಿದಿರುತ್ತದೆ. ಅದೇ ಆಟಿಕೆ ಚಳಿಗಾಲದಲ್ಲಿ ಹೀಟರ್ ಉರಿಯುವ ಮನೆ ಸೇರಿತೆನ್ನಿ, ಶೇ 6ರ ಹತ್ತಿರಕ್ಕೆ ಒಣಗುತ್ತದೆ. ಮರ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಮಾತ್ರ ಕುಗ್ಗುತ್ತದೆ. ಹೀಗಾಗಿ ಗುಂಡಗೆ ಕೊರೆದ ತೂತು ಮೊಟ್ಟೆಯಾಕಾರವಾಗುತ್ತದೆ. ಗೂಟಕ್ಕೆ ಸಲೀಸಾಗಿ ಇಳಿಯುತ್ತಿದ್ದ ಬಳೆ ಸಿಕ್ಕಿಕೊಳ್ಳುತ್ತದೆ. ಬಿಗಿಯಾಗಿ ಕೂತಿದ್ದ ಗಾಲಿಯ ಕಡಾಣಿ ಸಡಿಲವಾಗುತ್ತದೆ.

ಸಡಿಲವಾದರೆ ಏನು ಮಹಾ ಎನ್ನಬೇಡಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಅಲ್ಲಿನ ಪ್ರಯೋಗಾಲಯದಲ್ಲಿ ಒಂದು ಪುಟ್ಟ ಕೊಳವೆ ಇರುತ್ತದೆ. ಅಡ್ಡಳತೆ 31.7 ಮಿಲಿಮೀಟರ್, ಆಳ ಒಂದು ಬದಿಯಲ್ಲಿ 25.4, ಇನ್ನೊಂದು ಬದಿಯಲ್ಲಿ 57.1. ಎಳೆಮಗುವಿನ ಗಂಟಲಿಗೆ ಪ್ರತಿಯಾಗಿ ಮಾಡಿದ ಅಳತೆ. ಆಟಿಕೆಯನ್ನು ಎತ್ತರದಿಂದ ಬೀಳಿಸಿ, ತಿರುಚಿ, ಕೊನೆಗೆ 90 ನ್ಯೂಟನ್ ಬಲದಿಂದ, ಅಂದರೆ ಒಂಬತ್ತು ಕಿಲೋ ತೂಗುಬಿಟ್ಟಷ್ಟು ಬಲದಿಂದ, ಎಳೆಯುತ್ತಾರೆ. ಕಳಚಿಕೊಂಡ ಭಾಗ ಯಾವುದೇ ಆಗಲಿ, ಒತ್ತದೆ ಆ ಕೊಳವೆಯೊಳಗೆ ಪೂರ್ತಿ ಅಡಗಿದರೆ ಆಟಿಕೆ ನಪಾಸು. ನಪಾಸಾದ ಮಾದರಿ ಒಂದೇ ಆದರೂ ಹೊರಗುಳಿಯುವುದು ಇಡೀ ಸರಕು. ಚನ್ನಪಟ್ಟಣದ ಜಡಿಮಳೆಯಲ್ಲಿ ಅವಸರದಿಂದ ಕಡೆದ ಹಸಿ ಮರದ ಗಾಲಿ, ಆರು ತಿಂಗಳ ಮೇಲೆ ಯಾವುದೋ ಊರಿನ ಮಗುವಿನ ಗಂಟಲಿಗೆ ಅಪಾಯ ತರುವ ದಾರಿ ಇದು. ಇದರ ಕಾರಣ ಕಾರ್ಯ ಸರಪಳಿಯನ್ನು ಒಂದೊಂದಾಗಿ ಬಿಡಿಸಿ ಹೇಳಿದರೆ ಕಸುಬುದಾರರು ಚೆನ್ನಾಗಿಯೇ ಒಪ್ಪುತ್ತಾರೆ. ‘ನಿಯಮ ಹೀಗಿದೆ, ಮಾಡಿ’ ಎಂದು ಇಂಗ್ಲಿಷಿನ ಕಾಗದ ಚಾಚಿದರೆ ಅದು ಗೋಡೆಯ ಮೊಳೆಯಲ್ಲಿ ನೇತಾಡುತ್ತಿರುತ್ತದೆ.

ದಾರಿಯಲ್ಲೂ ಗಂಡಾಂತರವಿದೆ. ಬಿಸಿಲಲ್ಲಿ ನಿಂತ ಹಡಗಿನ ಕಬ್ಬಿಣದ ಕಂಟೇನರಿನ ಒಳಗೆ ಶಾಖ ಅರವತ್ತು ಡಿಗ್ರಿಯ ಸಮೀಪಕ್ಕೂ ಏರುವುದುಂಟು. ಅರಗು ಮೆತ್ತಗಾಗುವ ಮಟ್ಟಕ್ಕೆ ಇನ್ನು ಎಷ್ಟು ಅಂತರ? ಒತ್ತೊತ್ತಾಗಿ ತುಂಬಿದ ಗೊಂಬೆಗಳು ಒಂದಕ್ಕೊಂದು ಅಂಟಬಹುದು, ಸುತ್ತಿದ ಕಾಗದದ ಗೆರೆ ಹೊಳಪಿನ ಮೇಲೆ ಮೂಡಬಹುದು. ಮುದ್ರಿತ ಹಾಳೆ ಸುತ್ತಿದರಂತೂ ಅಕ್ಷರವೇ ಅಚ್ಚಾದೀತು. ಸಾಬೂನಿನ ನೀರೂ ಅರಗಿಗೆ ಆಗದು. ಕ್ಷಾರಕ್ಕೆ ಅರಗು ಕರಗುತ್ತದೆ, ಅರಿಸಿನ ಕೆಂಪಾಗುತ್ತದೆ. ‘ಒಣಬಟ್ಟೆಯಲ್ಲಿ ಒರೆಸಿ’ ಎಂಬ ಒಂದು ಸಾಲಿನ ಚೀಟಿ ಎಷ್ಟೋ ದೂರುಗಳನ್ನು ತಡೆಯಬಲ್ಲದು. ಇನ್ನು ಸರಕು ಮರದ ಪೆಟ್ಟಿಗೆಯಲ್ಲಿ ಹೋಗುವುದಾದರೆ ಆ ಪೆಟ್ಟಿಗೆಯ ಮರವನ್ನು ಒಳತಿರುಳಿನ ತನಕ 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಮುದ್ರೆ ಹಾಕಿಸಬೇಕು. ಕೀಟಗಳು ಪಾಸ್‌ಪೋರ್ಟ್ ಇಲ್ಲದೆ ಕಡಲು ದಾಟಬಾರದಲ್ಲ!

ಇಷ್ಟೆಲ್ಲದರ ಖರ್ಚು ಯಾರದು? ಕಸುಬಿನ ಅಳಿವು ಉಳಿವು ನಿಂತಿರುವುದು ಈ ಪ್ರಶ್ನೆಯ ಮೇಲೆ. ಪ್ರಯೋಗಾಲಯಗಳು ಶುಲ್ಕ ಕೇಳುವುದು ಸಾಮಾನ್ಯವಾಗಿ ಬಣ್ಣದ ಲೆಕ್ಕದಲ್ಲಿ. ನೂರು ಗಿಲಕಿ ಮಾಡಿದರೂ ಅಷ್ಟೇ, ಹತ್ತು ಸಾವಿರ ಮಾಡಿದರೂ ಅಷ್ಟೇ. ದೊಡ್ಡ ಕಾರ್ಖಾನೆಗೆ ಇದು ಲೆಕ್ಕಕ್ಕಿಲ್ಲ. ಎರಡು ಲೇತಿನ ಮನೆಗೆ ಒಂದು ತಿಂಗಳ ಸಂಪಾದನೆಯೇ ಹೋಗಬಹುದು. ಅಮೆರಿಕದಲ್ಲೇ ಕೈಕೆಲಸದ ಆಟಿಕೆ ಮಾಡುವ ಸಣ್ಣವರು ಈ ಕಾನೂನಿನ ವಿರುದ್ಧ ದನಿಯೆತ್ತಿದ್ದರು. 2011ರಲ್ಲಿ ಅದನ್ನು ತಿದ್ದಿ ಸಣ್ಣ ಪ್ರಮಾಣದ ತಯಾರಕರಿಗೆ ಪರೀಕ್ಷೆಗಳಲ್ಲಿ ಕೆಲವು ರಿಯಾಯಿತಿ ಕೊಟ್ಟರು. ಬಣ್ಣದಲ್ಲಿನ ಸೀಸದ ಪರೀಕ್ಷೆಗೆ ಮಾತ್ರ ರಿಯಾಯಿತಿ ಇಲ್ಲ. ಅದು ಸರಿಯೇ. ಚನ್ನಪಟ್ಟಣದಂಥ ಕಡೆ ನಡೆಯುವ ಉಪಾಯವೆಂದರೆ ಬಣ್ಣಗಳನ್ನೇ ಕಡಿಮೆ ಮಾಡುವುದು. ಐದೇ ಬಣ್ಣ, ಒಂದೇ ಕಡೆ ನಾದಿದ ಅರಗು, ಅದನ್ನೇ ಹತ್ತಾರು ಮನೆಗಳಿಗೆ ಹಂಚಿ ಐವತ್ತು ಬಗೆಯ ಆಟಿಕೆ. ಪರೀಕ್ಷೆಯ ಹೊರೆ ಆಗ ಹಂಚಿಹೋಗುತ್ತದೆ. ಯಾವ ದಿನ ಯಾವ ಅರಗು ಯಾರ ಮನೆಗೆ ಹೋಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ, ಒಂದು ಕಡೆ ತಪ್ಪಾದಾಗ ಎಲ್ಲರ ಮಾಲನ್ನೂ ಸುಡಬೇಕಾಗುವುದಿಲ್ಲ.

ಹಣದ ವಿಷಯದಲ್ಲಿ ಇನ್ನೂ ಕಠಿಣ ಮಾತಿದೆ. ಸರಕು ತಲುಪಿದ ಮೇಲೆ ನೋಡಿ, ಅರವತ್ತು ದಿನ ಕಳೆದು ಹಣ ಕೊಡುತ್ತೇವೆ ಎನ್ನುವ ಕೊಳ್ಳುಗನ ನಷ್ಟವನ್ನೆಲ್ಲ ಹೊರುವವನು ಮರಕ್ಕೂ ಅರಗಿಗೂ ಸಾಲ ಮಾಡಿದ ಕಸುಬುದಾರ. ನ್ಯಾಯ ವ್ಯಾಪಾರದ ಜಾಗತಿಕ ಸಂಘಟನೆಯ ನಿಯಮದಂತೆ, ಕೇಳಿದಲ್ಲಿ ಕರಕುಶಲ ವಸ್ತುಗಳಿಗೆ ಕನಿಷ್ಠ ಅರ್ಧ ಹಣವನ್ನು ಬಡ್ಡಿಯಿಲ್ಲದೆ ಮುಂಗಡ ಕೊಡಬೇಕು. ಇದನ್ನು ದಾನವೆಂದು ಎಣಿಸುವವರಿದ್ದಾರೆ. ದಾನವಲ್ಲ. ಒಣಗಿದ ಮರ ಬೇಕೆಂದರೆ ಮರ ಮೂರು ತಿಂಗಳು ಕೊಠಡಿಯಲ್ಲಿ ಕೂರಬೇಕು, ಕೂತ ಮರಕ್ಕೆ ಹಣ ಹೂಡಬೇಕು. ಮುಂಗಡ ಕೊಡದವನು ತನಗರಿವಿಲ್ಲದೆ ಹಸಿ ಮರವನ್ನೇ ಕೇಳಿದಂತೆ. ಹಾಗೆಯೇ ತಪಾಸಣೆ ನಡೆಯಬೇಕಾದದ್ದು ಬಂದರಿಗೆ ಹೊರಡುವ ಮುನ್ನ, ಚನ್ನಪಟ್ಟಣದಲ್ಲೇ. ಆಗ ಸಡಿಲ ಗಾಲಿಯನ್ನು ಅಲ್ಲೇ ಬಿಗಿ ಮಾಡಬಹುದು. ಕಡಲಾಚೆ ಸಿಕ್ಕ ದೋಷಕ್ಕೆ ಮದ್ದಿಲ್ಲ.

ಒಳನಾಡಿನ ಮಾರುಕಟ್ಟೆಯ ಲೆಕ್ಕ ಬೇರೆ. ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಗುರುತಿನ ರಕ್ಷಣೆ ಇದೆ. 2021ರ ಜನವರಿ 1ರಿಂದ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾದಾಗ, ನೋಂದಾಯಿತ ಕುಶಲಕರ್ಮಿಗಳು ತಯಾರಿಸಿದ ಆಟಿಕೆಗಳಿಗೂ ಭೌಗೋಳಿಕ ಗುರುತಿನ ಆಟಿಕೆಗಳಿಗೂ ವಿನಾಯಿತಿ ಸಿಕ್ಕಿತು. ಸಣ್ಣವರು ಉಸಿರಾಡುವಂತಾಯಿತು, ನಿಜ. ಆದರೆ ಮೈಸೂರಿನ ಮಗುವೂ ಗಿಲಕಿಯನ್ನು ಬಾಯಿಗೇ ಇಡುತ್ತದೆ. ಹೊರದೇಶಕ್ಕೆ ಒಂದು ಅರಗು, ರಸ್ತೆ ಬದಿಯ ಅಂಗಡಿಗೆ ಇನ್ನೊಂದು ಎಂಬ ಭೇದ ಬೇಡ ಎನ್ನುವ ಕಸುಬುದಾರರ ಮಾತನ್ನು ಕೊಳ್ಳುವ ನಾವೂ ಕೇಳಿಸಿಕೊಂಡು, ನಾಲ್ಕು ಕಾಸು ಹೆಚ್ಚು ಕೊಡಬೇಕಾದೀತು.

ಕಡಲಾಚೆಯ ವ್ಯಾಪಾರ ಯಾರ ಕೈಯಲ್ಲೂ ಇಲ್ಲದ ಕಾರಣಗಳಿಗೂ ಅಲುಗಾಡುತ್ತದೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಹಲವು ಸರಕುಗಳ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿತು. ಅದೇ ತಿಂಗಳು ಸಣ್ಣ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನೂ ತೆಗೆಯಿತು. ನಮ್ಮ ಅಂಚೆ ಇಲಾಖೆ ಅಮೆರಿಕಕ್ಕೆ ಪಾರ್ಸೆಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಅಕ್ಟೋಬರ್ ಮಧ್ಯದಲ್ಲಿ ಮತ್ತೆ ಆರಂಭಿಸಿತು. ಕ್ರಿಸ್‌ಮಸ್ ಸರಕು ಹಡಗು ಹತ್ತುವ ಕಾಲ ಅದು.

ಆ ಹಬ್ಬದ ಗಿಲಕಿ ಸೆಪ್ಟೆಂಬರ್‌ಗೆ ಚೆನ್ನೈ ಬಂದರು ಬಿಡಬೇಕು, ಜುಲೈಗೆ ಪ್ರಯೋಗಾಲಯದಿಂದ ಕಾಗದ ಬಂದಿರಬೇಕು, ಮೇ ತಿಂಗಳಿಗೆ ಲೇತಿಗೇರಿರಬೇಕು. ಅದಕ್ಕೆ ಬೇಕಾದ ಆಲೆ ಮರವನ್ನು ತುಂಡು ಮಾಡಿ ನೆರಳಲ್ಲಿ ಒಟ್ಟಿ ಒಣಗಲು ಬಿಡಬೇಕಾದದ್ದು ಸಂಕ್ರಾಂತಿಯ ಹೊತ್ತಿಗೇ.