ಒಂದೇ ‘ಎಲ್’ನ ಹಲೋ

ನಂದಿನಿ ಲೇಔಟಿನ ಓದುಗರೊಬ್ಬರ ಪ್ರಶ್ನೆ: ಕಚೇರಿಯ ಇಮೇಲನ್ನು ಹೊಸ ಕಂಪನಿಗೆ ಬದಲಾಯಿಸಿದ ಮೇಲೆ ವಿಂಡೋಸ್ 7ರಲ್ಲಿರುವ ಔಟ್‌ಲುಕ್ 2010 ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಮತ್ತೆ ಮತ್ತೆ ಕೇಳುತ್ತದೆ, ಹಳೆಯದಾಗಿ ಕೆಟ್ಟುಹೋಯಿತೇ? ಪಕ್ಕದ ಪೀಣ್ಯದ ಸಣ್ಣ ವರ್ಕ್‌ಶಾಪುಗಳಿಗೂ ಒಪ್ಪುವ ಪ್ರಶ್ನೆ. ಉತ್ತರ: ಇಲ್ಲ. ಲೇತಿನ ಬೇರಿಂಗ್ ಸವೆಯುತ್ತದೆ, ಮೋಟಾರಿನ ಬೆಲ್ಟ್ ಹರಿಯುತ್ತದೆ, ಆದರೆ ಸಾಫ್ಟ್‌ವೇರ್ ಸವೆಯುವ ವಸ್ತುವಲ್ಲ. ಇನ್‌ಸ್ಟಾಲ್ ಮಾಡಿದ ದಿನ ಅದು ಹೇಗಿತ್ತೋ ಇವತ್ತೂ ಹಾಗೇ ಇದೆ. ಬದಲಾದದ್ದು ಎದುರು ಬಾಗಿಲಿನ ಬೀಗ. ಆಯುಧಪೂಜೆಗೆ ಕಂಪ್ಯೂಟರಿಗೆ ಕುಂಕುಮ ಇಟ್ಟರೆ ಯಾರದೂ ತಕರಾರಿಲ್ಲ. ‘ಓಡ್ತಿರೋದನ್ನ ಮುಟ್ಟಬಾರದು’ ಎಂದು ವರ್ಷಗಟ್ಟಲೆ ಅಪ್‌ಡೇಟನ್ನೇ ಹಾಕದಿರುವುದು ಮಾತ್ರ ಮೂಢನಂಬಿಕೆ, ಮತ್ತು ಅದರ ದಂಡ ಕಟ್ಟುವುದು ಮೇಲ್ ಬದಲಾಯಿಸುವ ದಿನವೇ.

ಇಮೇಲಿಗೆ ಹಳಬರ ಮೇಲೆ ಎಷ್ಟು ಅಕ್ಕರೆ ಇದೆ ಎಂಬುದನ್ನು ನೋಡಿದರೆ ಹಳೆಯದಾದದ್ದೇ ತೊಂದರೆಯಲ್ಲ ಎಂಬ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಮೇಲ್ ಕಳಿಸುವ ನಿಯಮಾವಳಿಯಾದ ಎಸ್‌ಎಂಟಿಪಿಯನ್ನು ಜಾನ್ ಪೋಸ್ಟಲ್ 1982ರಲ್ಲಿ ಬರೆದರು. ಅದರಲ್ಲಿ ಎರಡು ಕಂಪ್ಯೂಟರುಗಳು ಮನುಷ್ಯರ ಹಾಗೆ ಸಾಲು ಸಾಲಾಗಿ ಮಾತಾಡುತ್ತವೆ. ಆಜ್ಞೆಗಳಿಗೆಲ್ಲ ನಾಲ್ಕೇ ಇಂಗ್ಲಿಷ್ ಅಕ್ಷರ. ಹಾಗಾಗಿ ‘ಹಲೋ’ದ ಒಂದು ಎಲ್ ಉದುರಿ ‘ಎಚ್-ಇ-ಎಲ್-ಒ’ ಉಳಿಯಿತು. ಅದಕ್ಕೆ ಸರ್ವರ್ ‘250’ ಎಂದರೆ ಸರಿ, ಮುಂದುವರಿಸು ಎಂದರ್ಥ. 1993ರಲ್ಲಿ ಹೊಸ ಸೌಲಭ್ಯಗಳು ಬೇಕಾದಾಗ ಹಳೆಯ ಹಲೋವನ್ನು ಕಿತ್ತುಹಾಕಲಿಲ್ಲ, ಅಕ್ಷರಗಳನ್ನು ತಿರುಗಿಸಿ ‘ಇ-ಎಚ್-ಎಲ್-ಒ’ ಎಂಬ ಎರಡನೇ ನಮಸ್ಕಾರ ಸೇರಿಸಿದರು. ಹೀಗೆ ಕೇಳಿದವರಿಗೆ ಸರ್ವರ್ ತನಗೆ ಏನೇನು ಬರುತ್ತದೆ ಎಂದು ಪಟ್ಟಿ ಒಪ್ಪಿಸುತ್ತದೆ: ಇಷ್ಟು ದೊಡ್ಡ ಫೈಲು ತಗೋತೀನಿ, ಗುಟ್ಟಾಗಿ ಮಾತಾಡೋಕೆ ಬರುತ್ತೆ, ಪಾಸ್‌ವರ್ಡ್ ಹೀಗೆ ಕೊಡು. ಸರ್ವರಿಗೆ ಈ ಹೊಸ ನಮಸ್ಕಾರ ಅರ್ಥವಾಗದಿದ್ದರೆ ಅದು ‘500’ ಎನ್ನುತ್ತದೆ, ಕೇಳಿದವನು ಬೇಸರಪಡದೆ ಹಳೆಯ ಹಲೋಗೆ ಇಳಿಯುತ್ತಾನೆ. 2008ರಲ್ಲಿ ಪರಿಷ್ಕರಿಸಿದ ನಿಯಮವೂ ಒಂದೇ ಎಲ್‌ನ ಹಲೋಗೆ ಸರ್ವರುಗಳು ಉತ್ತರಿಸಲೇಬೇಕು ಎನ್ನುತ್ತದೆ. ಹೊಸಬರು ಬಂದರೆಂದು ಹಿರಿಯರನ್ನು ಮನೆಯಿಂದಾಚೆ ಹಾಕದ ಇಂಥ ವ್ಯವಸ್ಥೆ ಯಂತ್ರಲೋಕದಲ್ಲಿ ಅಪರೂಪ.

ಹಾಗಾದರೆ ತಡೆ ಎಲ್ಲಿ? ನಮಸ್ಕಾರದ ನಂತರದ ಎರಡು ಹೆಜ್ಜೆಗಳಲ್ಲಿ. ಮೊದಲನೆಯದು ಮಾತನ್ನು ಬೇರೆಯವರು ಕದ್ದು ಕೇಳದಂತೆ ಮಾಡುವ ಟಿಎಲ್‌ಎಸ್. 1999ರ ಅದರ ಮೊದಲ ಆವೃತ್ತಿಯನ್ನು ಅಂತರಜಾಲದ ನಿಯಮ ರೂಪಿಸುವವರು 2021ರಲ್ಲಿ ವಿಧಿವತ್ತಾಗಿ ಕೈಬಿಟ್ಟರು. ಸ್ವಾರಸ್ಯ ಏನೆಂದರೆ, ಔಟ್‌ಲುಕ್ ಈ ಬೀಗವನ್ನು ತಾನೇ ತಯಾರಿಸುವುದಿಲ್ಲ, ವಿಂಡೋಸಿನಿಂದ ಕಡ ತರುತ್ತದೆ. ವಿಂಡೋಸ್ 7ರೊಳಗೆ ಟಿಎಲ್‌ಎಸ್ 1.2 ಹುಟ್ಟಿನಿಂದಲೇ ಇದೆ, ಆದರೆ ಮಲಗಿದೆ. ಒಂದು ಅಪ್‌ಡೇಟ್ ಹಾಕಿ ವಿಂಡೋಸಿನ ಒಳಸೆಟ್ಟಿಂಗುಗಳಿರುವ ರಿಜಿಸ್ಟ್ರಿಯಲ್ಲಿ ಒಂದೆರಡು ಅಂಕಿ ಬದಲಾಯಿಸಿದರೆ ಎದ್ದು ಕೂರುತ್ತದೆ. ಎರಡನೆಯದು ಗುರುತು. ಮೊದಲಾದರೆ ಪ್ರತಿ ಸಲವೂ ಪಾಸ್‌ವರ್ಡನ್ನೇ ಕಳಿಸುತ್ತಿದ್ದರು. ಈಗ ಒಮ್ಮೆ ಗುರುತು ತೋರಿಸಿ, ಆಮೇಲೆ ಅವಧಿ ಬರೆದ ಟೋಕನ್ ಹಿಡಿದು ಓಡಾಡಬೇಕು. ಗೂಗಲ್ 2022ರ ಮೇನಲ್ಲಿ ವೈಯಕ್ತಿಕ ಖಾತೆಗಳಿಗೆ ಹಳೆಯ ಪದ್ಧತಿ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಿಂದ ಮೈಕ್ರೋಸಾಫ್ಟ್ ತನ್ನ ಆನ್‌ಲೈನ್ ಎಕ್ಸ್‌ಚೇಂಜ್ ಮೇಲ್ ಸೇವೆಯಲ್ಲಿ ಮೇಲ್ ಓದುವ ದಾರಿಗಳಿಗೆ ಅದನ್ನು ಮುಚ್ಚುತ್ತಾ ಬಂತು. ಔಟ್‌ಲುಕ್ 2010ಕ್ಕೆ ಟೋಕನ್ ಹಿಡಿಯುವ ವಿದ್ಯೆ ಗೊತ್ತಿಲ್ಲ. ಪಾಸ್‌ವರ್ಡ್ ಸರಿಯಿದ್ದರೂ ಮತ್ತೆ ಮತ್ತೆ ಕೇಳುವುದು ಇದಕ್ಕೇ.

‘ಇದೆಲ್ಲ ಹೊಸ ಆಫೀಸ್ ಮಾರುವ ಹುನ್ನಾರ’ ಎನ್ನುವವರಿದ್ದಾರೆ. ಕಂಪನಿಗಳಿಗೆ ಮಾರಾಟದ ಆಸೆ ಇಲ್ಲವೆಂದಲ್ಲ. ಆದರೆ ಟೋಕನ್ ಪದ್ಧತಿಯಾದ ಓಆತ್ 2.0 2012ರಿಂದಲೂ ಯಾರು ಬೇಕಾದರೂ ಬಳಸಬಹುದಾದ ನಿಯಮ. ಪುಕ್ಕಟೆ ಸಿಗುವ ಥಂಡರ್‌ಬರ್ಡ್ ಕೂಡ ಅದನ್ನು ಕಲಿತಿದೆ. ಪಾಸ್‌ವರ್ಡ್ ಒಮ್ಮೆ ಕಳುವಾದರೆ ಕಳ್ಳನಿಗೆ ಇಡೀ ಮನೆಯೇ ತೆರೆದಂತೆ, ಟೋಕನ್ನಾದರೆ ಅದೊಂದನ್ನೇ ರದ್ದು ಮಾಡಬಹುದು. ‘ಹಾಗಾದರೆ ಹಳೆಯದನ್ನೆಲ್ಲ ಗುಜರಿಗೆ ಹಾಕಿ’ ಎಂಬುದು ಇನ್ನೊಂದು ತುದಿಯ ವಾದ. ಮೆಷಿನ್ನಿಗೆ ಕಟ್ಟಿಕೊಂಡ ಕಂಪ್ಯೂಟರು, ಇನ್‌ವಾಯ್ಸ್ ತಾನೇ ಮೇಲ್ ಮಾಡುವ ಲೆಕ್ಕದ ಪ್ರೋಗ್ರಾಂ, ಸ್ಕ್ಯಾನ್ ಮಾಡಿ ನೇರ ಮೇಲ್ ಕಳಿಸುವ ಜೆರಾಕ್ಸ್ ಮೆಷಿನ್: ಇವನ್ನೆಲ್ಲ ಒಂದೇ ದಿನ ಬದಲಾಯಿಸುವುದು ಸಣ್ಣ ಕಚೇರಿಯ ಕೈಲಾಗುವ ಮಾತಲ್ಲ, ಅಗತ್ಯವೂ ಅಲ್ಲ.

ನಡುವಿನ ದಾರಿ ಒಂದಿದೆ. ಅಂಚೆ ಕಚೇರಿಯ ಮುಂದೆ ಕೂತು, ಬರೆಯಲು ಬಾರದವರಿಗೆ ಮನಿಯಾರ್ಡರ್ ಫಾರಂ ತುಂಬಿಕೊಡುತ್ತಿದ್ದವರು ನೆನಪಿರಬೇಕು. ಮೇಲ್ ಲೋಕದಲ್ಲಿ ಆ ಕೆಲಸ ಮಾಡುವುದು ರಿಲೇ. ಕಚೇರಿಯೊಳಗಿನ ಒಂದು ಸಣ್ಣ ಕಂಪ್ಯೂಟರಿನಲ್ಲಿ ಪೋಸ್ಟ್‌ಫಿಕ್ಸ್‌ನಂಥ ಪ್ರೋಗ್ರಾಂ ಹಾಕಿದರೆ, ಹಳೆಯ ಮೆಷಿನ್ನು ಅದಕ್ಕೆ ತನಗೆ ಗೊತ್ತಿರುವ ಹಲೋ ಹೇಳುತ್ತದೆ, ರಿಲೇ ಹೊರಗಿನವರ ಜೊತೆ ಹೊಸ ಬೀಗ ಹಾಕಿಕೊಂಡು ಮಾತಾಡುತ್ತದೆ. ಆದರೆ ರಿಲೇ ಕಚೇರಿಯೊಳಗಿನವರ ಮಾತನ್ನಷ್ಟೇ ಕೇಳಬೇಕು, ಇಲ್ಲದಿದ್ದರೆ ಊರ ಸ್ಪ್ಯಾಮೆಲ್ಲ ಅದರ ಮೂಲಕವೇ ಹೋದೀತು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿಯಲ್ಲೇ ಮುಗಿದಿರುವುದರಿಂದ ಆ ಕಂಪ್ಯೂಟರು ನೇರವಾಗಿ ಹೊರಗೆ ಹೋಗದಿರುವುದು ಅದಕ್ಕೂ ಕ್ಷೇಮ. ಓದುವ ಕೆಲಸವನ್ನು ಹೊಸ ಕಂಪ್ಯೂಟರಿನ ಬ್ರೌಸರಿಗೆ ಬಿಡಿ. ಮೇಲ್ ಬದಲಾಯಿಸುವ ಮುನ್ನ ಕೇಳಬೇಕಾದ್ದು ‘ಯಾವುದು ಹಳೆಯದು’ ಎಂದಲ್ಲ, ‘ಯಾವುದು ನೇರ ಹೊರಗಿನ ಬಾಗಿಲು ತಟ್ಟುತ್ತದೆ’ ಎಂದು. ಆ ಪಟ್ಟಿ ಮಾಡಿ ನೋಡಿ, ಬದಲಾಯಿಸಲೇಬೇಕಾದವು ನೀವೆಣಿಸಿದ್ದಕ್ಕಿಂತ ಕಡಿಮೆ ಇರುತ್ತವೆ.